ಬಿರುಕು ಬಿಡದ ಸಮುದಾಯ ಭವನ

ನಗರಸಭೆಯ ನೂತನ ಸಮುದಾಯ ಭವನವು ಈ ನಗರದ ಕಟ್ಟಡಗಳ ಪೈಕಿ ಅತ್ಯಂತ ಸುಭದ್ರವಾದುದು ಎಂಬ ವಿಷಯದಲ್ಲಿ ಎರಡು ಮಾತಿಲ್ಲ. ಲೋಕಾರ್ಪಣೆಯಾದ ದಿನದಿಂದ ಇಂದಿನವರೆಗೆ ಅದರ ಗೋಡೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿಲ್ಲ, ಗಾರೆ ಉದುರಿಲ್ಲ, ಬಾಗಿಲು ಉಬ್ಬಿ ಕಿರುಗುಟ್ಟಿಲ್ಲ. ಗಾಳಿ ಬೆಳಕಿನ ವಿಷಯದಲ್ಲಂತೂ ಅದಕ್ಕೆ ಸಮನಾದ ಸರ್ಕಾರಿ ಕಟ್ಟಡ ಇನ್ನೊಂದಿಲ್ಲ. ಬೇರೆ ಊರುಗಳ ನಗರಸಭೆಯವರು ವ್ಯಾನು ಮಾಡಿಕೊಂಡು ಬಂದು, ಸುತ್ತ ಒಂದು ಸಲ ತಿರುಗಿ, ತಮ್ಮೂರಿನಲ್ಲೂ ಇಂಥದೊಂದು ಆಗಬೇಕೆಂದು ಹೇಳಿ ಹೋಗುತ್ತಾರೆ. ಆ ಭವನ ಆದ ಬಗೆಯನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ವರದಿ ಮಾಡಲಾಗಿದೆ.

ಭವನದ ನಕ್ಷೆ ಬರೆದವರು ನಗರಸಭೆಯ ನಕ್ಷೆಗಾರರು. ಕಿವಿಯ ಸಂದಿಯಲ್ಲಿ ಪೆನ್ಸಿಲು, ಮೇಜಿನ ಮೇಲೆ ಉದ್ದದ ಸ್ಕೇಲು, ಎದುರಿಗೆ ಬಂದವರ ಮಾತಿಗೆಲ್ಲ "ಹೂಂ ಸಾರ್" ಎನ್ನುವ ಬಾಯಿ: ಇಷ್ಟೇ ಅವರು. ಗೆರೆ ಎಳೆಯುವಾಗ ಒಂದು ಕೂದಲೂ ಆಚೆ ಈಚೆ ಆಗದು. ಉಳಿದೆಲ್ಲದರಲ್ಲೂ ಅವರು ಯಾರು ಯಾವ ಕಡೆ ಎಳೆದರೆ ಆ ಕಡೆ ಬಾಗುವವರು. ಇದು ಅವರ ಹೆಂಡತಿಯ ಅಭಿಪ್ರಾಯ. ಅದನ್ನೂ ಅವರು ಹೂಂ ಎಂದು ಒಪ್ಪಿಕೊಂಡಿದ್ದರು.

ಹೆಂಡತಿ ಅವರಿಗಿಂತ ಒಂದು ಗೇಣು ಎತ್ತರ. ದನಿ ಎಂಥದೆಂದರೆ ಅಡುಗೆಮನೆಯಿಂದ ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಿದ್ದರು. ಬೀದಿಯ ಹೆಂಗಸರು ಸೇರಿ ಕಟ್ಟಿದ ನಾಟಕ ಮಂಡಳಿಯಲ್ಲಿ ರಾಜನ ಪಾತ್ರ ಯಾವಾಗಲೂ ಆಕೆಯದೇ. ಮಂತ್ರಿ ಬೀದಿಯ ಕೊನೆಯ ಮನೆಯ ಹೊಲಿಗೆಯಮ್ಮ, ಶತ್ರುರಾಜ ಆಸ್ಪತ್ರೆಯ ದಾದಿ. ಆ ಪಾತ್ರ ನೋಡಿ ನೋಡಿ ಬೀದಿಯವರೆಲ್ಲ ಆಕೆಯನ್ನು ಮಹಾರಾಜರು ಎಂದೇ ಕರೆಯುತ್ತಿದ್ದರು. ಹಾಲಿನವನು ಕೂಡ "ಮಹಾರಾಜರೇ, ಪಾತ್ರೆ ತನ್ನಿ" ಎನ್ನುತ್ತಿದ್ದ.

ಮಂಡಳಿಯ ತಾಲೀಮು ನಡೆಯುತ್ತಿದ್ದುದು ನಗರಸಭೆಯ ಹಳೆಯ ಸಭಾಂಗಣದಲ್ಲಿ. ಅದು ನಕ್ಷೆಗಾರರ ಮನೆಗೆ ಎದುರಾಗಿ, ರಸ್ತೆ ದಾಟಿದರೆ ಸಿಗುತ್ತಿತ್ತು. ತಗಡಿನ ಚಾವಣಿ, ಮರದ ವೇದಿಕೆ, ಮೂಲೆಯಲ್ಲಿ ಒಂದು ನಲ್ಲಿ. ಮುದುಕರು ಹಗಲು ಅಲ್ಲಿ ಪತ್ರಿಕೆ ಓದುತ್ತಿದ್ದರು, ಸಂಜೆ ಹೆಂಗಸರು ಯುದ್ಧ ಮಾಡುತ್ತಿದ್ದರು. ಎಲ್ಲರಿಗೂ ಅದು ಸಾಕಾಗಿತ್ತು. ಸಾಕಾಗಿದ್ದ ಕಾರಣಕ್ಕೇ ಅದು ಸಾಲದೆಂದು ನಗರಸಭೆ ತೀರ್ಮಾನಿಸಿತು.

ಹೊಸ ಭವನ ಹೇಗಿರಬೇಕೆಂದು ತಿಳಿಯಲು ನಾಗರಿಕರ ಅಹವಾಲು ಸಭೆ ಕರೆದರು. ಅಲ್ಲಿ ಯಾರು ಏನು ಕೇಳಿದರೂ ಇಲ್ಲ ಎನ್ನಬಾರದೆಂದು ಆಯುಕ್ತರು ಮೊದಲೇ ಸೂಚನೆ ಕೊಟ್ಟಿದ್ದರು. ಕಾಗದದ ಮೇಲೆ ಜಾಗಕ್ಕೇನು ಬರ. ಮುದುಕರು ಪತ್ರಿಕೆ ಓದಲು ಕೋಣೆ ಕೇಳಿದರು, ನಕ್ಷೆಗಾರರು ಗುರುತು ಹಾಕಿಕೊಂಡರು. ಯಾರೋ ವ್ಯಾಯಾಮಶಾಲೆ ಕೇಳಿದರು, ಅದನ್ನೂ ಗುರುತು ಹಾಕಿಕೊಂಡರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಒಬ್ಬಾತ ಎಚ್ಚೆತ್ತು ಎರಡನೇ ಮಹಡಿಯಲ್ಲಿ ಈಜುಕೊಳ ಬೇಕೆಂದ, ಅದೂ ನಕ್ಷೆಗೆ ಸೇರಿತು. ಕೊನೆಗೆ ಮಹಾರಾಜರು ಎದ್ದು ನಿಂತರು.

"ನಾಟಕಕ್ಕೆ ಒಂದು ಕೋಣೆ. ಮರದ ನೆಲ. ಮೊದಲನೇ ಮಹಡೀಲೇ ಆಗ್ಬೇಕು. ಕೆಳಗೆ ಕೊಟ್ರೆ ದಾರೀಲಿ ಹೋಗೋ ಬರೋರೆಲ್ಲ ಕಿಟಕೀಲಿ ಇಣುಕ್ತಾರೆ."

ನಕ್ಷೆಗಾರರು ತಲೆ ಎತ್ತದೆ ಬರೆದುಕೊಂಡರು. ಮೊದಲನೇ ಮಹಡಿ ಎಂಬುದರ ಕೆಳಗೆ ಎರಡು ಗೆರೆ ಎಳೆದದ್ದು ಹೆಂಡತಿಯ ಮೇಲಿನ ಪ್ರೀತಿಯಿಂದಲೇ. ಆ ಎರಡು ಗೆರೆ ಎಷ್ಟು ದುಬಾರಿಯಾಯಿತೆಂಬುದು ಮುಂದೆ ಬರುತ್ತದೆ.

ಹಳೆಯ ಸಭಾಂಗಣವನ್ನು ಕೆಡವಿದ ಚುರುಕನ್ನು ಇಲ್ಲಿ ಹೊಗಳಲೇಬೇಕು. ಕೆಡವುವ, ಕಟ್ಟುವ ಎರಡೂ ಗುತ್ತಿಗೆ ಸಿಕ್ಕಿದ್ದು ನಗರಸಭೆಯ ಅಧ್ಯಕ್ಷರ ಭಾಮೈದನಿಗೆ. ಬೆಳಿಗ್ಗೆ ಮುದುಕರು ಪತ್ರಿಕೆ ಓದುತ್ತಿದ್ದಾಗಲೇ ತಗಡು ಬಿಚ್ಚತೊಡಗಿದರು, ಮುದುಕರು ಒಳಪುಟಕ್ಕೆ ಬರುವಷ್ಟರಲ್ಲಿ ಬಿಸಿಲಿಗೆ ಬಂದಿದ್ದರು. ತಗಡು, ಮರ, ನಲ್ಲಿ ಎಲ್ಲವೂ ಸುರಕ್ಷತೆಯ ದೃಷ್ಟಿಯಿಂದ ಭಾಮೈದನ ತೋಟದ ಮನೆಗೆ ಹೋದವು. ಅಲ್ಲಿ ಅವು ಇಂದಿಗೂ ಸುರಕ್ಷಿತವಾಗಿವೆ.

ಅಂದು ಸಂಜೆಯೇ ಮಂಡಳಿ ನಕ್ಷೆಗಾರರ ಮನೆಯ ಮುಂದಿನ ಕೋಣೆಗೆ ಬಂದಿತು. ಆ ಕೋಣೆಯಲ್ಲಿ ಒಂದು ಸೋಫಾ. ಆಫೀಸಿನಿಂದ ಬಂದು, ಶರ್ಟಿನ ಮೇಲಿನ ಗುಂಡಿ ಬಿಚ್ಚಿ, ಅದರ ಎಡತುದಿಯಲ್ಲಿ ಕೂತು ರೇಡಿಯೋದಲ್ಲಿ ವಾರ್ತೆ ಕೇಳುವುದು ನಕ್ಷೆಗಾರರ ದಿನದ ಏಕೈಕ ಸುಖ. ಕೂತು ಕೂತು ಆ ತುದಿ ಅವರ ಮೈಯ ಅಳತೆಗೆ ತಗ್ಗಾಗಿತ್ತು. ಆ ಸಂಜೆ ಬಾಗಿಲು ತೆರೆದು ನೋಡಿದರೆ ಸೋಫಾ ಸಿಂಹಾಸನವಾಗಿ ಅದರ ಮೇಲೆ ಹೆಂಡತಿ ಕಿರೀಟ ಇಟ್ಟುಕೊಂಡು ಕೂತಿದ್ದಳು.

"ಇಲ್ಲೇನೇ ಇದು?" ಎಂದರು ನಕ್ಷೆಗಾರರು.

"ಮತ್ತೆಲ್ಲಿ ಮಾಡೋಣ? ಸಭಾಂಗಣ ಬೀಳ್ಸಿದೋರು ನೀವು."

"ನಾನೆಲ್ಲಿ ಬೀಳ್ಸಿದೆ. ನಾನು ಬರೀ ನಕ್ಷೆ ಬರೆದೆ."

"ನಕ್ಷೆ ಬರೆದಿದ್ದಕ್ಕೇ ತಾನೇ ಬೀಳ್ಸಿದ್ದು. ಹೋಗ್ರಿ, ಅಡುಗೆಮನೇಲಿ ಸ್ಟೂಲಿದೆ, ಕೂತ್ಕೊಳ್ಳಿ. ಟೀ ಫ್ಲಾಸ್ಕಲ್ಲಿದೆ. ನಮಗೆಲ್ಲ ಬಗ್ಗಿಸಿ ತನ್ನಿ."

"ಸೋಫಾನಾದ್ರೂ..."

"ನಮ್ಮಪ್ಪ ಕೊಟ್ಟಿದ್ದು."

ಅಲ್ಲಿಗೆ ಸೋಫಾದ ಪ್ರಶ್ನೆ ಇತ್ಯರ್ಥವಾಯಿತು. ನಕ್ಷೆಗಾರರು ಸ್ಟೂಲಿನ ಮೇಲೆ, ಸ್ಟವ್ವಿಗೂ ಪಾತ್ರೆ ಸ್ಟ್ಯಾಂಡಿಗೂ ನಡುವೆ ಕೂತು ಟೀ ಕುಡಿದರು. ಗೋಡೆಯಾಚೆ ದಾದಿ ಕೋಟೆಗೆ ಮುತ್ತಿಗೆ ಹಾಕುತ್ತಿದ್ದಳು. ಹೊಸ ಭವನ ಎದ್ದರೆ ಸಾಕು, ಮೊದಲನೇ ಮಹಡಿಗೆ ಇವರನ್ನೆಲ್ಲ ಹತ್ತಿಸಿ, ನನ್ನ ತಗ್ಗಿನಲ್ಲಿ ನಾನು ಕೂತುಬಿಡುತ್ತೇನೆ ಎಂದು ಅವರು ಮನಸ್ಸಿನಲ್ಲೇ ಅಂದುಕೊಂಡರು. ಜೀವನದಲ್ಲಿ ಅವರು ಇಷ್ಟು ತೀವ್ರವಾಗಿ ಬಯಸಿದ್ದು ಬೇರೇನೂ ಇರಲಿಲ್ಲ.

ಅಡಿಗಲ್ಲು ಸಮಾರಂಭದ ದಿನ ಬಂತು. ನಕ್ಷೆಗಾರರು ಹಿಂದಿನ ದಿನವೇ ಹಳೆಯ ಸಭಾಂಗಣವಿದ್ದ ಖಾಲಿ ನಿವೇಶನದಲ್ಲಿ ಹಗ್ಗ ಹಿಡಿದು, ಸುಣ್ಣದ ಪುಡಿಯಲ್ಲಿ ಗೋಡೆಗಳ ಗುರುತು ಹಾಕಿದ್ದರು. ಓದುವ ಕೋಣೆ ಇಲ್ಲಿ, ಹಿರಿಯರ ಕೋಣೆ ಅಲ್ಲಿ, ಮೆಟ್ಟಿಲು, ಲಿಫ್ಟು, ಮುಂಬಾಗಿಲು. ಬಾಗಿಲಿನ ಜಾಗದಲ್ಲಿ ಗೆರೆ ಬಿಟ್ಟಿದ್ದರು.

ಈ ನಗರಸಭೆಯ ಪದ್ಧತಿಯಂತೆ ಸಮಾರಂಭಗಳಿಗೆಂದು ಉಗ್ರಾಣದಲ್ಲಿ ಎರಡು ತಟ್ಟೆಗಳಿವೆ. ಒಂದರಲ್ಲಿ ಬೆಳ್ಳಿಯ ಕರಣೆ, ಗಾರೆ ಹಾಕಿ ಅಡಿಗಲ್ಲು ಕೂರಿಸಲು. ಇನ್ನೊಂದರಲ್ಲಿ ಕತ್ತರಿ, ಟೇಪು ಕತ್ತರಿಸಿ ಉದ್ಘಾಟಿಸಲು. ಬೆಳ್ಳಿ ಕರಣೆಯನ್ನು ಅಧ್ಯಕ್ಷರ ಮನೆಯವರು ಮೊಮ್ಮಗನ ಹುಟ್ಟುಹಬ್ಬದಲ್ಲಿ ಕೇಕ್ ಎತ್ತಿ ಬಡಿಸಲು ಒಯ್ದಿದ್ದರು, ಮೊಮ್ಮಗನಿಗೆ ಈಗ ಮದುವೆಯ ವಯಸ್ಸು. ಬರಿಗೈಯಲ್ಲಿ ಸಮಾರಂಭ ನಡೆಯುವುದು ಹೇಗೆ ಎಂದು ಉಗ್ರಾಣದವನು ಕತ್ತರಿಯ ತಟ್ಟೆಯನ್ನೇ ತಂದ. ಕತ್ತರಿ ಬಂದ ಮೇಲೆ ಕತ್ತರಿಸಲು ಏನಾದರೂ ಬೇಕಲ್ಲ, ಎರಡು ಕೋಲು ನೆಟ್ಟು ಮುಂಬಾಗಿಲಿನ ಜಾಗದಲ್ಲಿ ಟೇಪು ಕಟ್ಟಿದರು.

ಅಧ್ಯಕ್ಷರ ಬಳಿ ಭಾಷಣಗಳು ಎರಡೇ. ಅಡಿಗಲ್ಲಿನದು ಬಲಗಡೆ ಜೇಬಿನಲ್ಲಿ, ಉದ್ಘಾಟನೆಯದು ಎಡಗಡೆ ಜೇಬಿನಲ್ಲಿ. ಕತ್ತರಿ ಕಂಡ ಕೈ ಟೇಪನ್ನು ಕಚಕ್ಕನೆ ಕತ್ತರಿಸಿತು. ಟೇಪು ಕತ್ತರಿಸಿದ ಮೇಲೆ ಎಡಗಡೆ ಜೇಬಿಗೆ ಹೋಗುವುದು ಆ ಕೈಯ ಅಭ್ಯಾಸ. "ಈ ಭವ್ಯ ಕಟ್ಟಡವನ್ನು ನಾಗರಿಕರಿಗೆ ಸಮರ್ಪಿಸಲು ಹರ್ಷವೆನಿಸುತ್ತದೆ. ಇದರ ಒಂದೊಂದು ಇಟ್ಟಿಗೆಯ ಹಿಂದೆಯೂ ನನ್ನ ಬೆವರಿದೆ" ಎಂದು ಅಧ್ಯಕ್ಷರು ಓದಿದರು. ಚಪ್ಪಾಳೆ ಬಿತ್ತು. ಆಮೇಲೆ ಅವರು ಒಳಗೆ ನಡೆದು, ಸುಣ್ಣದ ಗೆರೆಗಳ ನಡುವೆ ಸುತ್ತಾಡಿ, "ವಿಶಾಲವಾಗಿದೆ" ಎಂದು ಮೆಚ್ಚಿ, ಸಿಹಿ ಪೊಟ್ಟಣ ತೆಗೆದುಕೊಂಡು ಕಾರು ಹತ್ತಿದರು. ಸಾಲಾಗಿ ನಿಂತಿದ್ದ ಜನರೂ ಪೊಟ್ಟಣ ತೆಗೆದುಕೊಂಡರು. ಕರಣೆ ಇಲ್ಲದ ಕಾರಣ ಉಪಯೋಗಕ್ಕೆ ಬಾರದ ಅಡಿಗಲ್ಲನ್ನು ಬರಹ ಕೆಳಗಾಗುವಂತೆ ಮಗುಚಿ ಮುಂಬಾಗಿಲಿಗೆ ಹೊಸ್ತಿಲಾಗಿ ಇಟ್ಟರು.

ಮಾರನೆಯ ದಿನ ಆಯುಕ್ತರು ನಕ್ಷೆಗಾರರನ್ನು ಕರೆಸಿದರು. ಮೂಲೆಯ ಕುರ್ಚಿಯಲ್ಲಿ ಭಾಮೈದ ಟೀ ಕುಡಿಯುತ್ತ ಕೂತಿದ್ದ.

"ನಿನ್ನೆ ಏನಾಯ್ತು?" ಎಂದರು ಆಯುಕ್ತರು.

"ಅಡಿಗಲ್ಲು ಹಾಕೋ ಬದ್ಲು ಉದ್ಘಾಟನೆ ಆಗೋಯ್ತು ಸಾರ್."

"ಬದ್ಲು ಅನ್ನೋ ಮಾತು ತೆಗೀರಿ. ಉದ್ಘಾಟನೆ ಆಯ್ತು, ಅಷ್ಟೇ. ಈಗ ಉದ್ಘಾಟನೆ ಆಗಿರೋ ಕಟ್ಟಡಾನ ನಾವು ಕಟ್ಟೋ ಹಾಗಿಲ್ಲ. ಇರೋದನ್ನೇ ಮತ್ತೆ ಕಟ್ಟಿದ್ರೆ ಒಂದು ಕೆಲಸಕ್ಕೆ ಎರಡು ಖರ್ಚು. ಆಡಿಟ್‌ನೋರು ನನ್ನ ಕತ್ತು ಹಿಡೀತಾರೆ."

"ಆದ್ರೆ ಸಾರ್, ಕಟ್ಟಡ ಇಲ್ವಲ್ಲ."

"ಅದು ನಿಮ್ಮ ವೈಯಕ್ತಿಕ ಅಭಿಪ್ರಾಯ. ಅಧ್ಯಕ್ಷರು ಒಳಗೆ ಹೋಗಿ ನೋಡ್ಕೊಂಡು ಬಂದಿದ್ದಾರೆ. ನೀವು ಚಪ್ಪಾಳೆ ತಟ್ಟಿದ್ರೋ ಇಲ್ವೋ?"

"ಎಲ್ರೂ ತಟ್ತಿದ್ರು ಅಂತ..."

"ತಟ್ಟಿದ್ರಿ. ಕಟ್ಟಡ ಇಲ್ದೆ ಯಾತಕ್ಕೆ ತಟ್ಟಿದ್ರಿ?"

ನಕ್ಷೆಗಾರರು ಕಿವಿಯ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಭಾಮೈದ ಲೋಟ ಕೆಳಗಿಟ್ಟು, ತಾನು ಗಡುವಿಗಿಂತ ಮುಂಚೆಯೇ ಕೆಲಸ ಮುಗಿಸಿರುವುದಾಗಿಯೂ, ತನ್ನ ಇಷ್ಟು ವರ್ಷದ ಅನುಭವದಲ್ಲಿ ಒಂದು ಇಟ್ಟಿಗೆಯೂ ಕಳಪೆಯಾಗಿರದ ಮೊದಲ ಕಟ್ಟಡ ಇದೆಂದೂ ವಿನಯದಿಂದ ಹೇಳಿದ. ಬಿಲ್ಲು ಆಗಲೇ ಮೇಜಿನ ಮೇಲಿತ್ತು.

"ನಕ್ಷೆ ಪ್ರಕಾರ ಇದೆ ಅಂತ ನಿಮ್ಮದೊಂದು ಸಹಿ ಬೇಕು" ಎಂದರು ಆಯುಕ್ತರು. "ನೀವು ಹಾಕ್ದೆ ಹೋದ್ರೆ ಅದು ಅನಧಿಕೃತ ಕಟ್ಟಡ ಆಗುತ್ತೆ. ಕೆಡವಬೇಕಾಗುತ್ತೆ. ಆಮೇಲೆ ವಿಚಾರಣೆ, ಆಮೇಲೆ ಹೊಸ ನಕ್ಷೆ. ಅದಾಗೋಷ್ಟ್ರಲ್ಲಿ ನೀವೂ ನಿವೃತ್ತಿ, ನಾನೂ ನಿವೃತ್ತಿ. ನಾಟಕದೋರಿಗೆ ಕೋಣೆ ಅಂತೂ ಮರ್ತುಬಿಡಿ."

ನಕ್ಷೆಗಾರರಿಗೆ ಅಡುಗೆಮನೆಯ ಸ್ಟೂಲು ಕಣ್ಣಮುಂದೆ ಬಂತು. ಹೋಗಿ ನಿವೇಶನ ನೋಡಿದರು. ಗೆರೆಗಳು ಅವರೇ ಎಳೆದವು, ನಕ್ಷೆಯಿಂದ ಒಂದಿಷ್ಟೂ ಆಚೆ ಹೋಗಿರಲಿಲ್ಲ. "ನಕ್ಷೆಗಿಂತ ಹೆಚ್ಚಾಗಿ ಏನನ್ನೂ ಕಟ್ಟಿರುವುದಿಲ್ಲ" ಎಂದು ಬರೆದು ಸಹಿ ಹಾಕಿದರು. ಬರೆದದ್ದರಲ್ಲಿ ಸುಳ್ಳಿಲ್ಲವೆಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಆದರೂ ಅಂದು ಟೀ ರುಚಿಸಲಿಲ್ಲ.

ಭವನ ಕಾರ್ಯಾರಂಭ ಮಾಡಿತು. ಕಾವಲಿಗೆ ಅನುಭವಸ್ಥನನ್ನೇ ಹಾಕಿದರು. ನಗರಸಭೆಯ ರೋಡ್ ರೋಲರು ಕಾಣೆಯಾದ ಮೇಲೂ ಅದರ ಜಾಗಕ್ಕೆ ವರ್ಷಗಟ್ಟಲೆ ನಿಷ್ಠೆಯಿಂದ ಕಾವಲಿದ್ದವನು ಅವನು. ಹೊಸ್ತಿಲ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ಮೊದಲ ವಾರದ ಅನುಭವದ ಮೇಲೆ ಈ ಪ್ರಕಟಣೆ ಹೊರಬಿತ್ತು:

"ಸಾರ್ವಜನಿಕರ ಗಮನಕ್ಕೆ. ಕೆಲವು ನಾಗರಿಕರು ನೂತನ ಸಮುದಾಯ ಭವನದ ಗೋಡೆಗಳ ಮೂಲಕ ಹಾದುಹೋಗುತ್ತಿರುವುದು ಕಂಡುಬಂದಿದೆ. ಇದರಿಂದ ಗೋಡೆಗಳು ಅಳಿಸಿಹೋಗುವ ಸಂಭವವಿರುತ್ತದೆ. ಮುಂಬಾಗಿಲಿನಿಂದಲೇ ಪ್ರವೇಶಿಸತಕ್ಕದ್ದು. ಕಿಟಕಿಗಳಿಗೆ ಒರಗತಕ್ಕದ್ದಲ್ಲ. ಒಂದು ಕೋಣೆಯಲ್ಲಿ ಕುಳಿತವರು ಇನ್ನೊಂದು ಕೋಣೆಯಲ್ಲಿ ಕುಳಿತವರನ್ನು ನೋಡತಕ್ಕದ್ದಲ್ಲ. ಈಜುಕೊಳದ ವೇಳಾಪಟ್ಟಿಯನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು."

ನಕ್ಷೆಗಾರರ ಮನೆಗೂ ಆಫೀಸಿಗೂ ನಡುವಿನ ನೇರ ದಾರಿ ಈ ನಿವೇಶನದ ಮೇಲೆಯೇ. ಸಹಿ ಹಾಕಿದ ಸಿಟ್ಟು ಒಳಗೆ ಕುದಿಯುತ್ತಿತ್ತಲ್ಲ, ಮರುದಿನ ಬೆಳಿಗ್ಗೆ ಬೇಕೆಂದೇ ಪಡುವಣ ಗೋಡೆಯನ್ನು ತುಳಿದುಕೊಂಡು ಒಳಗೆ ನಡೆದರು. ಕಾವಲುಗಾರ ಸೀಟಿ ಊದಿದ.

"ಸಾರ್, ಅದು ಗೋಡೆ."

"ಗೊತ್ತಯ್ಯ. ನಾನೇ ಎಳೆದಿದ್ದು."

"ಎಳೆದೋರೇ ಹಿಂಗೆ ಮಾಡಿದ್ರೆ ಜನ ಕೇಳ್ತಾರಾ ಸಾರ್? ವಾಪಸ್ ಹೋಗಿ ಬಾಗಿಲಲ್ಲಿ ಬನ್ನಿ. ಮತ್ತೆ ಹೋಗೋವಾಗ ಅದೇ ಗೋಡೆ ತುಳೀಬೇಡಿ, ಸುತ್ತಿ ಹೋಗಿ."

ಅವನ ದನಿಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನಕ್ಷೆಗಾರರು ಹಿಂದಕ್ಕೆ ಹೋಗಿ, ಸುತ್ತು ಹಾಕಿಕೊಂಡು, ಆಫೀಸಿಗೆ ತಡವಾಗಿ ತಲುಪಿದರು. ಆದರೂ ಮರುದಿನ ಕಾವಲುಗಾರ ಬೀಡಿ ಹಚ್ಚುವ ಹೊತ್ತು ನೋಡಿ ಮತ್ತೆ ಗೋಡೆ ತುಳಿದರು. ದಿನಕ್ಕೊಂದು ಸಲ ಗೋಡೆ ತುಳಿಯದಿದ್ದರೆ ತಮಗೆ ಬುದ್ಧಿ ಇದೆಯೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು.

ಜನ ಮಾತ್ರ ಹೊಂದಿಕೊಂಡುಬಿಟ್ಟರು. ಮುದುಕರು ಮನೆಯಿಂದ ಕುರ್ಚಿ ತಂದು ಓದುವ ಕೋಣೆಯಲ್ಲಿ ಹಾಕಿಕೊಂಡರು. ಸೆಖೆಗೆ ಕಿಟಕಿ ತೆರೆಯಿರಿ ಎಂದು ಒಬ್ಬ ಹೇಳಿದರೆ, ಧೂಳು ಬರುತ್ತದೆ ಬೇಡ ಎಂದು ಇನ್ನೊಬ್ಬ ಜಗಳ ತೆಗೆಯುತ್ತಿದ್ದ. ಭಾಮೈದನಿಗೆ ಗೋಡೆಗಳಿಗೆ ಸುಣ್ಣ ಬಳಿಯುವ ವಾರ್ಷಿಕ ಗುತ್ತಿಗೆಯೂ ಸಿಕ್ಕಿತು. ಒಂದು ಬುಟ್ಟಿ ಸುಣ್ಣದ ಪುಡಿಯಲ್ಲಿ ಇಡೀ ಭವನ ಮುಗಿಯುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಮಹಾರಾಜರು ಸಪರಿವಾರರಾಗಿ ಭವನಕ್ಕೆ ಬಂದರು. ಬೀದಿಯ ಗಂಡಸರು ಸೋಫಾ ಹೊತ್ತಿದ್ದರು. ನಕ್ಷೆಗಾರರು ಖುಷಿಗೆ ತಾವೇ ಒಂದು ಕಾಲು ಹಿಡಿದಿದ್ದರು. ಕೋಣೆ ಸಿಕ್ಕಿತೆಂದರೆ ಮಂಡಳಿ ತನ್ನದೇ ಸಿಂಹಾಸನ ಮಾಡಿಸಿಕೊಂಡು ಸೋಫಾ ವಾಪಸು ಕೊಡುವುದೆಂದು ಮಾತಾಗಿತ್ತು. ಕಾವಲುಗಾರ ಹೊಸ್ತಿಲಿಗೆ ಅಡ್ಡ ನಿಂತ.

"ನಿಮ್ಮ ಕೋಣೆ ಮೇಲಿದೆಯಲ್ಲಮ್ಮ."

"ಮೇಲೆ ಅಂದ್ರೆ?"

"ಮೊದಲನೇ ಮಹಡಿ. ನಕ್ಷೇಲಿ ಎರಡು ಗೆರೆ ಎಳೆದು ಬರ್ದಿದ್ದಾರೆ ನೋಡಿ."

ಮಹಾರಾಜರು ಮೇಲೆ ನೋಡಿದರು. ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಆಕೆ ಸೋಲುವ ಪೈಕಿಯಲ್ಲ. ಸೀರೆ ಎತ್ತಿ ಕಟ್ಟಿ, ಸುಣ್ಣದಲ್ಲಿ ಎಳೆದಿದ್ದ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಕಾಲಿಟ್ಟು ಕೊನೆಯ ಮೆಟ್ಟಿಲು ದಾಟಿ ನಿಂತಳು.

"ಬಂದೆ ನೋಡು ಮೇಲೆ" ಎಂದಳು.

ಕಾವಲುಗಾರ ಹತ್ತಿರ ಹೋಗಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇಲ್ಲಮ್ಮ. ಮೇಲೆ ಹೋದೋರು ನನಗೆ ಎದುರಿಗೆ ಕಾಣಬಾರ್ದು. ನೀವಿನ್ನೂ ಕೆಳಗೇ ಇದ್ದೀರಿ, ಹಿರಿಯರ ಕೋಣೇಲಿ. ನಿಮಗೆ ಅಷ್ಟು ವಯಸ್ಸಾಗಿದೆಯಾ?"

ವಯಸ್ಸಿನ ಮಾತು ಬಂದ ಮೇಲೆ ಆಕೆ ಅಲ್ಲಿ ನಿಲ್ಲಲಿಲ್ಲ. ಸೋಫಾ ಬಂದ ದಾರಿಯಲ್ಲೇ ಮನೆಗೆ ಹೋಯಿತು. ಅಂದು ಮುಂದಿನ ಕೋಣೆಯಲ್ಲಿ ತಾಲೀಮು ನಡೆಯಲಿಲ್ಲ. ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಸೋಫಾದ ಬಲತುದಿಯಲ್ಲಿ ಸುಮ್ಮನೆ ಕೂತಿದ್ದಳು. ಎಡತುದಿ ಖಾಲಿಯಿತ್ತು, ಆದರೂ ನಕ್ಷೆಗಾರರಿಗೆ ಹೋಗಿ ಕೂರಲು ಮನಸ್ಸಾಗಲಿಲ್ಲ. ಆಕೆ ಗಟ್ಟಿಯಾಗಿ ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೊಲಿಗೆಯಮ್ಮ ಇನ್ನು ನಾಟಕ ಸಾಕು ಅಂತಿದ್ದಾಳೆ" ಎಂದಳು ಮೆಲ್ಲಗೆ. "ದಾದಿಗೂ ಬೇಜಾರಾಗಿದೆ. ಯಾರದೋ ಮನೇಲಿ, ಯಾರಿಗೋ ತೊಂದರೆ ಕೊಟ್ಕೊಂಡು ಎಷ್ಟು ದಿನ ಅಂತ. ಮಂಡಳಿ ಇವತ್ತಿಗೆ ಮುಗೀತು ಅನ್ಸುತ್ತೆ ಕಣ್ರೀ."

"ನಾನು ನೋಡ್ತೀನಿ" ಎಂದರು ನಕ್ಷೆಗಾರರು.

"ನೀವು ಹೂಂ ಅಂತೀರಿ, ಅಷ್ಟೇ."

ಆ ಮಾತು ನಾಟಿತು. ಮರುದಿನ ಅವರು ಆಯುಕ್ತರ ಕೋಣೆಗೆ ಕರೆಯದೆಯೇ ಹೋದರು. ನಾಟಕದ ಕೋಣೆಯನ್ನು ಕೆಳಕ್ಕೆ ತರಲಾಗದೇ ಎಂದು ಕೇಳಿದರು. ಅಲ್ಲೇ ಟೀ ಕುಡಿಯುತ್ತಿದ್ದ ಭಾಮೈದ, ಆಗದೇ ಏನು, ಮೇಲಿನ ಕೋಣೆ ಒಡೆದು ಕೆಳಗೆ ಕಟ್ಟಬೇಕು, ಒಡೆಯುವುದಕ್ಕೆ ಒಂದು ಗುತ್ತಿಗೆ, ಅವಶೇಷ ಸಾಗಿಸುವುದಕ್ಕೆ ಇನ್ನೊಂದು ಗುತ್ತಿಗೆ ಎಂದು ಆಗಲೇ ಬೆರಳು ಮಡಿಸತೊಡಗಿದ. ಆಯುಕ್ತರು ತಲೆಯಾಡಿಸಿದರು.

"ಉದ್ಘಾಟನೆ ಆಗಿ ವರ್ಷ ತುಂಬಿಲ್ಲ. ಈಗ ಒಡೆದ್ರೆ ಅಧ್ಯಕ್ಷರಿಗೆ ಅವಮಾನ."

ಆಗ ನಕ್ಷೆಗಾರರು ಜೀವನದಲ್ಲಿ ಮೊದಲ ಸಲ ಹೂಂ ಅಂದು ಒಪ್ಪಿಕೊಳ್ಳದೆ ಬೇರೆ ಮಾತು ಹೇಳಿದರು.

"ಸಾರ್, ಲಿಫ್ಟ್ ಕೆಟ್ಟಿದೆ."

ಬೆರಳು ಮಡಿಸುತ್ತಿದ್ದ ಭಾಮೈದ ಎಣಿಕೆ ನಿಲ್ಲಿಸಿದ.

"ಮಂಡಳಿಯ ಮಂತ್ರಿಗೆ ಮಂಡಿನೋವು" ಎಂದು ಅವರು ಮುಂದುವರಿಸಿದರು. "ಮೆಟ್ಟಿಲು ಹತ್ತೋಕಾಗಲ್ಲ. ಲಿಫ್ಟ್ ಕೆಟ್ಟಿರೋ ಕಟ್ಟಡದಲ್ಲಿ ಮೇಲಿನ ಕಾರ್ಯಕ್ರಮಾನ ರಿಪೇರಿ ಆಗೋತನಕ ಕೆಳಗಡೆ ನಡೆಸಬಹುದು ಅಂತ ನಿಯಮ ಇದೆ. ಆಸ್ಪತ್ರೇಲಿ, ಕೋರ್ಟಲ್ಲಿ ಎಲ್ಲ ಹಾಗೇ ನಡೀತಿದೆ."

ಆಯುಕ್ತರ ಮುಖ ಅರಳಿತು. "ನೋಡ್ರಿ, ಈ ಕಟ್ಟಡದ ಬಗ್ಗೆ ಇಷ್ಟು ದಿನದಲ್ಲಿ ಯಾರಾದ್ರೂ ನಂಬೋ ಅಂಥ ಮಾತು ಹೇಳಿದ್ದು ಇದೇ ಮೊದಲು. ಸರ್ಕಾರಿ ಲಿಫ್ಟ್ ಕೆಟ್ಟಿದೆ ಅಂದ್ರೆ ಯಾರು ಅನುಮಾನ ಪಡ್ತಾರೆ."

ಲಿಫ್ಟು ಕೆಟ್ಟಿದೆ ಎಂಬ ಬೋರ್ಡನ್ನು ಕೋಲಿಗೆ ಕಟ್ಟಿ ಲಿಫ್ಟಿನ ಚೌಕದಲ್ಲಿ ನೆಟ್ಟರು. ನಾಟಕಕ್ಕೆ ಹಿರಿಯರ ಕೋಣೆಯ ಪಕ್ಕದ ಜಾಗ ತಾತ್ಕಾಲಿಕವಾಗಿ ಮಂಜೂರಾಯಿತು. ಲಿಫ್ಟಿನ ರಿಪೇರಿ ಗುತ್ತಿಗೆ ಭಾಮೈದನಿಗೆ ಹೋಯಿತೆಂದು ಕೇಳಿ ನಕ್ಷೆಗಾರರು ಗಾಬರಿಯಾದರು. ಓಡಿಹೋಗಿ ಅವನನ್ನು ಹಿಡಿದರು.

"ದಯವಿಟ್ಟು ರಿಪೇರಿ ಮಾಡ್ಬೇಡಪ್ಪ. ಸರಿಹೋದ್ರೆ ನಮ್ಮೋರು ಮತ್ತೆ ಮೇಲೆ ಹೋಗ್ಬೇಕಾಗುತ್ತೆ."

ಭಾಮೈದನಿಗೆ ನಿಜಕ್ಕೂ ನೋವಾಯಿತು. "ಏನ್ ಸಾರ್ ಹಿಂಗಂತೀರಿ. ಇಷ್ಟು ವರ್ಷದಿಂದ ನೋಡ್ತಿದ್ದೀರಿ. ನಾನು ಯಾವತ್ತಾದ್ರೂ ಏನನ್ನಾದ್ರೂ ರಿಪೇರಿ ಮಾಡಿದ್ದು ಉಂಟಾ?"

ಅಷ್ಟು ಪ್ರಾಮಾಣಿಕವಾದ ಮಾತನ್ನು ನಕ್ಷೆಗಾರರು ಆ ಕಟ್ಟಡದ ವಿಷಯದಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ನೆಮ್ಮದಿಯಿಂದ ಮನೆಗೆ ಹೋದರು.

ಮಂಡಳಿ ಮತ್ತೆ ಚಿಗುರಿತು. ಸೋಫಾ ಎರಡನೇ ಸಲ ರಸ್ತೆ ದಾಟಿತು. ಹೊಸ ಸಿಂಹಾಸನ ಸಿದ್ಧವಾಗುವವರೆಗೆ ಮಾತ್ರ ಎಂದು ಹೆಂಡತಿ ಹೇಳಿದ್ದಳು. ಆದರೆ ಭವನದ ಒಳಗೆ ಬಂದ ಪೀಠೋಪಕರಣವೆಲ್ಲ ನಗರಸಭೆಯ ಸ್ವತ್ತೆಂಬ ನಿಯಮದ ಪ್ರಕಾರ ಕಾವಲುಗಾರ ಮರುದಿನವೇ ಅದರ ಬೆನ್ನಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದ. ಇನ್ನು ಅದನ್ನು ಹೊರಗೆ ಒಯ್ದರೆ ಕಳ್ಳತನ. ಮಾವ ಕೊಟ್ಟ ಸೋಫಾವನ್ನು ನಕ್ಷೆಗಾರರು ಹೀಗೆ ಸಮುದಾಯಕ್ಕೆ ಸಮರ್ಪಿಸಿದರು. ಅಧ್ಯಕ್ಷರಿಂದ ಧನ್ಯವಾದ ಪತ್ರ ಬಂತು.

ನಾಟಕದ ದಿನ ಇಡೀ ಬೀದಿ ಬಂದಿತ್ತು. ಎಲ್ಲರೂ ಮುಂಬಾಗಿಲಿನಲ್ಲಿ ಸಾಲು ನಿಂತು, ಹೊಸ್ತಿಲು ದಾಟಿ, ಕಾರಿಡಾರಿನಲ್ಲಿ ಬಲಕ್ಕೆ ತಿರುಗಿ ಒಳಗೆ ಬಂದರು. ಅಧ್ಯಕ್ಷರು, ಆಯುಕ್ತರು, ಭಾಮೈದ ಮುಂದಿನ ಸಾಲಿನಲ್ಲಿ ಕೂತರು. ಮಹಾರಾಜರು ಸೋಫಾದ ಮೇಲೆ ವಿರಾಜಮಾನರಾಗಿ ಮೊದಲ ಮಾತು ಆಡಿದಾಗ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು. ಪ್ರಯಾಣಿಕರೆಲ್ಲ ಇಣುಕಿದರು. ಆಕೆಗೆ ಈಗ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಹೆಂಡತಿ ಅಷ್ಟು ಸಂತೋಷವಾಗಿದ್ದುದನ್ನು ನಕ್ಷೆಗಾರರು ನೋಡಿ ಬಹಳ ದಿನವಾಗಿತ್ತು.

ಶತ್ರುರಾಜ ಕೋಟೆ ಮುತ್ತುವ ಹೊತ್ತಿಗೆ ಮಳೆ ಹನಿಯತೊಡಗಿತು. ಜನ ತಲೆ ಎತ್ತಿ ನೋಡಿದರು.

"ಸೋರ್ತಿದೆ" ಎಂದ ಒಬ್ಬ ಮುದುಕ.

"ಹೊಸ ಕಟ್ಟಡ ಅಲ್ವಾ, ಮೊದಲನೇ ಮಳೆಗೆ ಸ್ವಲ್ಪ ಸೋರುತ್ತೆ" ಎಂದ ಇನ್ನೊಬ್ಬ. "ಆಸ್ಪತ್ರೇದೂ ಹಿಂಗೇ ಸೋರ್ತಿತ್ತು."

ಮಳೆ ಜೋರಾಯಿತು. ಅಧ್ಯಕ್ಷರು ಪಕ್ಕಕ್ಕೆ ವಾಲಿ, ಚಾವಣಿಯ ಸೋರಿಕೆ ತಡೆಯುವ ಕಾಮಗಾರಿಗೆ ನಾಳೆಯೇ ಟಿಪ್ಪಣಿ ಇಡಿ ಎಂದು ಆಯುಕ್ತರಿಗೆ ಹೇಳಿದರು. ಭಾಮೈದ ಅದು ತನಗೆ ಕೇಳಿಸದವನ ಹಾಗೆ ನಾಟಕವನ್ನೇ ನೋಡಿದ. ಯಾರೊಬ್ಬರೂ ಎದ್ದು ಹೋಗಲಿಲ್ಲ. ಹೊರಗೆ ಹೋದರೆ ನೆನೆಯುತ್ತೇವೆ ಎಂದು ಯಾರೋ ಅಂದದ್ದು ಎಲ್ಲರಿಗೂ ಸರಿಯೆನಿಸಿತು.

ಮಹಾರಾಜರ ಕಾಗದದ ಕಿರೀಟ ಮೆತ್ತಗಾಗತೊಡಗಿದ್ದನ್ನು ಕಂಡು ನಕ್ಷೆಗಾರರು ಕೊಡೆ ತರಲು ಎದ್ದು ಮನೆಗೆ ಓಡಿದರು. ದೀಪ ಹಾಕಿದರೆ ಮುಂದಿನ ಕೋಣೆ ಖಾಲಿ. ಸದ್ದಿಲ್ಲ, ಕತ್ತಿಯಿಲ್ಲ, ಫ್ಲಾಸ್ಕಿಲ್ಲ. ರೇಡಿಯೋ ಮಾತ್ರ ಇತ್ತು. ಇಷ್ಟು ದಿನ ಬಯಸಿದ ಮೌನ ಅದು. ಕೂರೋಣವೆಂದರೆ ಸೋಫಾ ಇದ್ದ ಜಾಗದಲ್ಲಿ ಕಾಲಿನ ಗುರುತು ಅಷ್ಟೇ ಉಳಿದಿತ್ತು. ಆ ಗುರುತುಗಳ ನಡುವೆ, ಎಡತುದಿ ಇದ್ದ ಕಡೆ, ಒಂದು ಕ್ಷಣ ಕೂರುವವರಂತೆ ಬಗ್ಗಿದರು. ಆಮೇಲೆ ನಾಚಿಕೆಯಾಗಿ ನೆಟ್ಟಗಾಗಿ, ಕೊಡೆ ತೆಗೆದುಕೊಂಡು ಹೊರಬಿದ್ದರು. ಮಹಾರಾಜರ ದನಿ ರಸ್ತೆಯಾಚೆಯಿಂದ ಕೇಳುತ್ತಿತ್ತು. ಆ ದನಿ ಇಲ್ಲದ ಮನೆಯಲ್ಲಿ ಅವರಿಗೆ ಇರಲಾಗಲಿಲ್ಲ.

ರಸ್ತೆ ದಾಟಿದರೆ ಎದುರಿಗೇ ಪಡುವಣ ಗೋಡೆ. ಅದರಾಚೆ ನಾಲ್ಕು ಹೆಜ್ಜೆಗೆ ಸೋಫಾ. ಗೆರೆ ಮಳೆಗೆ ಕರಗಿ ಹರಿದುಹೋಗಿತ್ತು, ಕಾವಲುಗಾರ ನಾಟಕ ನೋಡುತ್ತ ಮೈಮರೆತಿದ್ದ. ನಕ್ಷೆಗಾರರು ಗೋಡೆ ಇದ್ದ ಜಾಗದವರೆಗೆ ಬಂದು ನಿಂತರು. ಆಮೇಲೆ ಎಡಕ್ಕೆ ತಿರುಗಿ, ಗೋಡೆಯ ಪಕ್ಕಕ್ಕೇ ಕೆಸರಿನಲ್ಲಿ ನಡೆದು, ಮೂಲೆ ಸುತ್ತಿ, ಮುಂಬಾಗಿಲಿಗೆ ಬಂದು, ಹೊಸ್ತಿಲ ಮೇಲೆ ಕಾಲೊರೆಸಿಕೊಂಡು ಒಳಗೆ ಬಂದರು. ಪೂರ್ತಿ ನೆನೆದಿದ್ದರು.

ಮಹಾರಾಜರು ಯುದ್ಧದ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅವರ ಕಡೆ ತಿರುಗಿದರು. ಕಿರೀಟ ಕಿವಿಯ ಮೇಲೆ ಇಳಿದಿತ್ತು, ಅಂಟಿಸಿದ್ದ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಾಗಿಲು ಹಾಕ್ಕೊಂಡು ಬನ್ರೀ. ಇರಚಲು ಒಳಗೆ ಹೊಡೀತಿದೆ."

"ಹೌದ್ರೀ, ಬಾಗಿಲು ಹಾಕಿ" ಎಂದರು ಮುಂದಿನ ಸಾಲಿನವರು.

ನಕ್ಷೆಗಾರರು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಕ್ಕೆ ಹೋಗಿ ಬಾಗಿಲು ಹಾಕಿದರು. ಗಾಳಿಗೆ ತೆರೆದುಕೊಂಡೀತೆಂದು ಚಿಲಕವನ್ನೂ ಹಾಕಿ ಬಂದರು.